ಅಲಸಂಡೆಯವರ ಹಾಡಿನಲ್ಲಿ ಮಾತು ಎಲ್ಲಿ ಕಡಿಮೆಯಾಯಿತು? ಬದಿಯಡ್ಕದ ಒಂದು ಪ್ರಕರಣ

ಕಳೆದ ಆಟಿ ತಿಂಗಳಲ್ಲಿ, ಅಂದರೆ ತುಳುನಾಡಿನ ಜೋರು ಮಳೆಯ ತಿಂಗಳಲ್ಲಿ, ನನ್ನ ಶೆಡ್ಡಿನಲ್ಲಿ ಒಂದು ಜಗಳ ಆಯಿತು. ಜಗಳ ಮೂವರು ಹುಡುಗರದ್ದು. ಅದರ ನಡುವೆ ಸಿಕ್ಕಿಕೊಂಡದ್ದು ಬ್ಲ್ಯಾಕ್ ಐಡ್ ಪೀಸ್ ಅನ್ನುವ ಅಮೆರಿಕದ ಒಂದು ಹಿಪ್‌ಹಾಪ್ ತಂಡ. ಅದನ್ನು ಬಿಡಿಸಲು ಐದು ರಾತ್ರಿ ಕೂತು ಹಾಡು ಕೇಳಿದೆವು. ಆ ಐದು ರಾತ್ರಿಯಲ್ಲಿ ನಮಗೆ ಏನು ಗೊತ್ತಾಯಿತು, ಆಮೇಲೆ ಏನಾಯಿತು ಅಂತ ಪೂರ್ತಿ ಬರೆದಿಡಬೇಕು ಅನ್ನಿಸಿದೆ.

ನನ್ನದು ಮೈಕ್ ಸೆಟ್ಟಿನ ಕೆಲಸ. ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ ಶೆಡ್ ಉಂಟು. ಯಕ್ಷಗಾನ, ಮದುವೆ, ಶಾಲಾ ವಾರ್ಷಿಕೋತ್ಸವ, ಕೋಲ, ಎಲ್ಲದಕ್ಕೂ ಬಾಕ್ಸ್ ಹೊತ್ತಿದ್ದೇನೆ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ಇಲ್ಲ, ಮದುವೆಯೂ ಕಡಿಮೆ. ಆಗ ಶೆಡ್ಡಿನ ಒಂದು ಮೂಲೆ ಹುಡುಗರ ಕೈಗೆ ಹೋಗುತ್ತದೆ. ಒಬ್ಬ ನನ್ನ ಅಕ್ಕನ ಮಗ. ಲ್ಯಾಪ್‌ಟಾಪಿನಲ್ಲಿ ಬೀಟ್ ಮಾಡುವವನು ಅವನು. ಇನ್ನೊಬ್ಬ ಪೆರ್ಲದ ಕಡೆಯವನು, ಪದ್ಯ ಬರೆಯುತ್ತಾನೆ. ಮೂರನೆಯವನ ಮನೆಮಾತು ತುಳು. ಕುಣಿಯುವುದು, ಜನರ ಹತ್ತಿರ ಮಾತಾಡುವುದು, ಕಾರ್ಯಕ್ರಮ ಹಿಡಿಯುವುದು ಎಲ್ಲ ಅವನ ಪಾಲು. ಮೂವರೂ ಕನ್ನಡ ಮಾಧ್ಯಮದಲ್ಲಿ ಕಲಿತವರು. ಪೇಟೆಯಲ್ಲಿ ಮಲಯಾಳ ಆಡುತ್ತಾರೆ, ತಮ್ಮೊಳಗೆ ಕನ್ನಡ ತುಳು ಬೆರೆಸಿ ಆಡುತ್ತಾರೆ. ಕಾಸರಗೋಡಿನ ಯಾವ ಹುಡುಗನಾದರೂ ಹೀಗೇ ಅಲ್ವಾ.

ಅವರ ಹತ್ತಿರ ಆಗ ಇದ್ದದ್ದು ಒಂದೇ ಪೂರ್ತಿ ಹಾಡು. ಅದರ ಎರಡು ಸಾಲು ಇಲ್ಲಿ ಹೇಳಲೇಬೇಕು, ಯಾಕೆಂದರೆ ಮುಂದಿನ ಕಥೆಯೆಲ್ಲ ಈ ಎರಡು ಸಾಲಿನ ಸುತ್ತವೇ ತಿರುಗುತ್ತದೆ:

ಬಸ್ಸಿನ ಬೋರ್ಡು ಓದುದಿಲ್ಲ, ಅಜ್ಜಿಗೆ ಅಕ್ಷರ ಗೊತ್ತಿಲ್ಲ;
ಅಕ್ಷರ ಗೊತ್ತುಂಟು ಮಾರಾಯ, ಈ ಅಕ್ಷರ ಗೊತ್ತಿಲ್ಲ!

ಬರೆದ ಹುಡುಗನ ಸ್ವಂತ ಅಜ್ಜಿಯ ವಿಷಯ ಇದು. ಅವರು ಕನ್ನಡ ಶಾಲೆಗೆ ಹೋದವರು, ಭಾರತ ಓದುವವರು. ಬೋರ್ಡು ಮಲಯಾಳದಲ್ಲಿ ಮಾತ್ರ ಇದ್ದರೆ ಬಸ್ಸಿನ ಬಣ್ಣ ನೋಡಿ, ಕಂಡಕ್ಟರನ ಕೂಗು ಕೇಳಿ ಹತ್ತುತ್ತಾರೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಈ ನೆಲದಲ್ಲಿ ಎಷ್ಟೋ ಭಾಷಣ, ಎಷ್ಟೋ ಕವನ ಆಗಿವೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮ ಬದಿಯಡ್ಕದವರೇ. ಆದರೂ ಇಪ್ಪತ್ತು ವರ್ಷದ ಹುಡುಗನೊಬ್ಬ ಅದೇ ನೋವನ್ನು ಬಸ್ಸಿನ ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದು ಕೇಳಿ ನನಗೆ ಮೈ ಜುಮ್ಮೆಂದಿತ್ತು.

ಜಗಳ ಬಂದದ್ದು ಹೇಗೆ

ಆಟಿಯ ಮುಂದಿನ ಸೋಣ ತಿಂಗಳಲ್ಲಿ ಒಂದು ಮದುವೆ. ಹಿಂದಿನ ರಾತ್ರಿಯ ಮದರಂಗಿಗೆ ಡಿಜೆ ಇಟ್ಟಿದ್ದರು. ಇವೆಂಟಿನವರು ಹುಡುಗರನ್ನು ಕರೆದು ಹೇಳಿದರು: ನಮ್ಮ ಊರಿನದ್ದೇ ಅಂತ ಹೇಳಿಕೊಳ್ಳುವ ಒಂದು ಹಾಡು ಬೇಕು, 15,000 ರೂಪಾಯಿ ಕೊಡುತ್ತೇವೆ. ಮೂರು ನಿಮಿಷ ದಾಟಬಾರದು. ಬಡಿತ ಜೋರಿರಬೇಕು. ಮಾತು ಜಾಸ್ತಿ ಬೇಡ, ಯಾರೂ ಕೇಳುವುದಿಲ್ಲ.

ಬರೆಯುವವನು ಆಗುವುದಿಲ್ಲ ಅಂದ. ಕುಣಿಯುವವನು ಮಾಡುವ ಅಂದ. ಅಕ್ಕನ ಮಗ ಇಬ್ಬರ ಮುಖವನ್ನೂ ನೋಡಿದ. ಆಗ ಕುಣಿಯುವವನು ಒಂದು ಮಾತು ಹೇಳಿದ: "ಬ್ಲ್ಯಾಕ್ ಐಡ್ ಪೀಸ್‌ನವರು ಎಂತ ಮಾಡಿದ್ದು? ಅವರೂ ಹೀಗೇ ಮಾಡಿದ್ದಲ್ವಾ? ಇವತ್ತು ಪ್ರಪಂಚಕ್ಕೇ ಗೊತ್ತು." ಬರೆಯುವವನು ಕೂಡಲೇ ತಿರುಗಿಸಿದ: "ಅವರು ಹಾಳಾದದ್ದೇ ಹಾಗೆ ಮಾಡಿ."

ಒಂದೇ ತಂಡ ಇಬ್ಬರಿಗೂ ಸಾಕ್ಷಿ. ಒಬ್ಬನಿಗೆ ಅದು ಗೆದ್ದ ಕಥೆ, ಇನ್ನೊಬ್ಬನಿಗೆ ಕೆಟ್ಟ ಕಥೆ. ನಾನು ಕೇಳಿದೆ, ನೀವು ಅವರ ಮೊದಲ ಆಲ್ಬಂ ಕೇಳಿದ್ದೀರಾ? ಮೂವರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಹಾಗಾದರೆ ಮೊದಲಿಂದ ವರ್ಷದ ಕ್ರಮದಲ್ಲಿ ಕೇಳುವ, ಆಮೇಲೆ ಜಗಳ ಮಾಡಿ ಅಂದೆ. ಮಳೆ ಹೊಯ್ಯುತ್ತಿತ್ತು. ಎರಡು ಬಾಕ್ಸ್, ತಗ್ಗಿನ ಬಡಿತಕ್ಕೆ ಮಾತ್ರ ಇರುವ ಒಂದು ಸಬ್, ಸಣ್ಣ ಮಿಕ್ಸರ್ ಇಟ್ಟು ಕೂತೆವು.

ತಂಡದ ಹೆಸರಿನ ಅರ್ಥ ನಮ್ಮ ಅಲಸಂಡೆ ಕಾಳು. ಬಿಳಿ ಕಾಳಿನ ಮೇಲೆ ಕಪ್ಪು ಕಣ್ಣು ಇರುವಂಥದ್ದು. ಅದು ಗೊತ್ತಾದ ಮೇಲೆ ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಅಲಸಂಡೆಯವರು ಅಂತಲೇ ಕರೆದದ್ದು. ಇಲ್ಲಿಯೂ ಹಾಗೇ ಕರೆಯುತ್ತೇನೆ.

ಮೊದಲ ಎರಡು ರಾತ್ರಿ

ತಂಡ ಕಟ್ಟಿದ ವಿಲ್.ಐ.ಆಮ್ ಮತ್ತು ಆಪಲ್.ಡಿ.ಆಪ್ ಲಾಸ್ ಏಂಜಲೀಸಿನಲ್ಲಿ ಶಾಲೆಯ ಕಾಲದಿಂದ ಗೆಳೆಯರು. ಆಪಲ್ ಹುಟ್ಟಿದ್ದು ಫಿಲಿಪ್ಪೀನ್ಸಿನಲ್ಲಿ. ತಾಯಿ ಅಲ್ಲಿಯವರು, ತಂದೆ ಅಲ್ಲಿನ ನೆಲೆಯಲ್ಲಿದ್ದ ಅಮೆರಿಕದ ಸೈನಿಕ. ಹುಡುಗನಾಗಿದ್ದಾಗಲೇ ಅವನನ್ನು ದತ್ತು ತೆಗೆದುಕೊಂಡು ಅಮೆರಿಕಕ್ಕೆ ಕರೆಸಿಕೊಂಡರು. ಇಬ್ಬರೂ ಮೊದಲು ಬ್ರೇಕ್ ಡಾನ್ಸ್ ಮಾಡುತ್ತಿದ್ದವರು. ಇದು ಮುಖ್ಯ. ಮೈಕ್ ಹಿಡಿಯುವ ಮೊದಲೇ ಅವರು ಕುಣಿಯುತ್ತಿದ್ದರು. ಇದನ್ನು ಹೇಳಿದ ಕೂಡಲೇ ನಮ್ಮ ಕುಣಿಯುವವನ ಮುಖ ಅರಳಿತು.

1992ರಲ್ಲಿ ಅವರ ಆಗಿನ ತಂಡ ಆಟ್‌ಬ್ಯಾನ್ ಕ್ಲಾನ್ ಅನ್ನು ಈಸಿ-ಇ ಅನ್ನುವ ರ‍್ಯಾಪರ್ ತಮ್ಮ ರೂತ್‌ಲೆಸ್ ರೆಕಾರ್ಡ್ಸ್‌ಗೆ ಸೇರಿಸಿಕೊಂಡರು. ಆ ಕಂಪೆನಿಯ ಹೆಸರು ಬೆಳೆದದ್ದು ಬಂದೂಕು, ಬೀದಿ, ಪೊಲೀಸ್ ಅನ್ನುವ ರ‍್ಯಾಪಿನಿಂದ. ಈ ಹುಡುಗರದ್ದೋ ಕುಣಿತ, ಖುಷಿ, ಒಗ್ಗಟ್ಟಿನ ಮಾತು. ಮಾಡಿಟ್ಟ ಆಲ್ಬಂ ಹೊರಗೆ ಬರಲೇ ಇಲ್ಲ. 1995ರಲ್ಲಿ ಈಸಿ-ಇ ತೀರಿಕೊಂಡರು. ಆಮೇಲೆ ಟಬೂ ಅನ್ನುವ ಹುಡುಗ ಸೇರಿ ಮೂವರಾದರು, ಅಲಸಂಡೆಯವರಾದರು. ಹಿನ್ನೆಲೆಯಲ್ಲಿ ಹಾಡಲು ಕಿಮ್ ಹಿಲ್ ಇದ್ದರು.

ಮೊದಲ ಆಲ್ಬಂ 'ಬಿಹೈಂಡ್ ದ ಫ್ರಂಟ್' ಬಂದದ್ದು 1998ರ ಜೂನ್ 30ಕ್ಕೆ. ಸಬ್ ಆನ್ ಮಾಡಿ ಕೂತವನು ನಾನು ಎರಡನೇ ಹಾಡಿಗೇ ಸಬ್ ಆಫ್ ಮಾಡಿದೆ. ಬೇಕಾಗಲಿಲ್ಲ. ಬೇಸ್ ಗಿಟಾರಿನ ಬೆರಳು ತಂತಿಯ ಮೇಲೆ ಜಾರುವುದು ಕೇಳುತ್ತಿತ್ತು. ಡ್ರಮ್ಮಿನ ತೊಗಲು ಕೇಳುತ್ತಿತ್ತು. ಮೂವರೂ ಒಬ್ಬರ ಮಾತಿನ ಬಾಲ ಇನ್ನೊಬ್ಬರು ಹಿಡಿದು ಹೋಗುತ್ತಿದ್ದರು. ತಾಳಮದ್ದಳೆಯಲ್ಲಿ ಇಬ್ಬರು ಒಳ್ಳೆ ಅರ್ಥಧಾರಿಗಳು ಎದುರು ಬದುರು ಕೂತಾಗ ಆಗುವುದು ಇದೇ. ಹಾಡಿನಲ್ಲಿ ಜಾಗ ಇತ್ತು. ಆ ಜಾಗದ ತುಂಬ ಮಾತು ಕೂತಿತ್ತು.

ಆ ಆಲ್ಬಂನ 'ಫಾಲಿನ್ ಅಪ್' ಅನ್ನು ನಮ್ಮ ಬರೆಯುವವನು ನಾಲ್ಕು ಸಲ ಹಾಕಿಸಿದ. ನೀವು ರ‍್ಯಾಪರುಗಳೇ ಅಲ್ಲ ಅನ್ನುವವರಿಗೆ ಅದು ಉತ್ತರ. ದೊಡ್ಡ ಬ್ರ್ಯಾಂಡಿನ ಬಟ್ಟೆ ಹಾಕುವುದಿಲ್ಲ ಅಂತ ನಮ್ಮನ್ನು ಲೆಕ್ಕಕ್ಕೆ ಇಡುವುದಿಲ್ಲವಾ, ನಾವು ಬಂದದ್ದು ದುಡ್ಡಿನ ಬಲದಿಂದ ಅಲ್ಲ, ಕೈಯ ವಿದ್ಯೆಯಿಂದ ಅನ್ನುವ ಭಾವ. ಅವನು ನೋಟ್ ಪುಸ್ತಕದಲ್ಲಿ ಕನ್ನಡದಲ್ಲೇ ಅರ್ಥ ಬರೆದುಕೊಂಡ.

ಎರಡನೆಯದು 2000ದ 'ಬ್ರಿಡ್ಜಿಂಗ್ ದ ಗ್ಯಾಪ್'. ಅದೂ ಅದೇ ಹಾದಿ. ಮೇಸಿ ಗ್ರೇ ಹಾಡಿದ ಹಾಡೊಂದು ಸ್ವಲ್ಪ ಸುದ್ದಿ ಮಾಡಿತು. ಅದೇ ವರ್ಷ ಕಿಮ್ ಹಿಲ್ ತಂಡ ಬಿಟ್ಟರು. ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ಮೊದಲನೆಯದು ಏರಿದ್ದು 129ನೇ ಸ್ಥಾನದವರೆಗೆ, ಎರಡನೆಯದು 67ರವರೆಗೆ. ಕೇಳಿದವರು ಮೆಚ್ಚಿದರು, ಕೇಳಿದವರು ಕಡಿಮೆ. ನಮ್ಮ ಕಡೆಯ ಒಳ್ಳೆ ಭಾಗವತರ ಹಾಗೆ.

ಮೂರನೇ ರಾತ್ರಿ: ಎಲಿಫಂಕ್

ಇಲ್ಲಿ ನಾವು ತುಂಬ ಹೊತ್ತು ನಿಂತೆವು, ಬರೆಯುವಾಗಲೂ ನಿಲ್ಲುತ್ತೇನೆ.

ಅಲಸಂಡೆಯವರು ಕೆಟ್ಟದ್ದು ಯಾವಾಗ ಅಂತ ಕೇಳಿದರೆ ಹಳೆಯ ಅಭಿಮಾನಿಗಳು ಥಟ್ಟನೆ ಕೊಡುವ ಉತ್ತರ ಒಂದೇ: 2003, ಗಾಯಕಿ ಫರ್ಗಿ ಬಂದ ಮೇಲೆ. ನಮ್ಮ ಬರೆಯುವವನೂ ಅದನ್ನೇ ಹೇಳಿದ್ದ. ಮೂರನೇ ಆಲ್ಬಂ 'ಎಲಿಫಂಕ್' ಮಾಡುವಾಗ ಆಕೆ ತಂಡಕ್ಕೆ ಸೇರಿದರು. ಧ್ವನಿ ಹೊಳಪಾಯಿತು, ಪಲ್ಲವಿ ದೊಡ್ಡದಾಯಿತು. ಆಲ್ಬಂ 14ನೇ ಸ್ಥಾನಕ್ಕೆ ಏರಿತು. ಅದರ 'ಹೇ ಮಾಮಾ' ಆ್ಯಪಲ್ ಕಂಪೆನಿಯ ಐಪಾಡ್ ಜಾಹೀರಾತಿಗೂ ಹೋಯಿತು. ಮಾರುಕಟ್ಟೆಗೆ ಇಳಿದರು ಅಂತ ಹೇಳಲು ಇನ್ನೇನು ಬೇಕು?

ಆದರೆ ಕೂತು ಕೇಳಿದಾಗ ಕಿವಿ ಬೇರೆಯೇ ಹೇಳಿತು.

ಮೊದಲನೆಯದು, ಅವರನ್ನು ಪ್ರಪಂಚಕ್ಕೆ ಮುಟ್ಟಿಸಿದ ಹಾಡು 'ವೇರ್ ಈಸ್ ದ ಲವ್'. ಅದು 2001ರ ಸೆಪ್ಟೆಂಬರ್ 11ರ ದಾಳಿಯ ನಂತರದ ದಿನಗಳ ಹಾಡು. ಯುದ್ಧ, ಜನಾಂಗ ದ್ವೇಷ, ಸರ್ಕಾರದ ಸುಳ್ಳು, ಟಿವಿ ನೋಡಿ ಮಕ್ಕಳು ಕಲಿಯುವುದು, ಎಲ್ಲ ಅದರಲ್ಲಿ ಉಂಟು. ಬ್ರಿಟನ್ನಿನಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು, 2003ರಲ್ಲಿ ಅಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಅದೇ. ಪದ್ಯದ ತುಂಬ ಮಾತು. ಅವರ ಮೊದಲ ದೊಡ್ಡ ಗೆಲುವು ಬಂದದ್ದು ಮಾತು ಜಾಸ್ತಿ ಇದ್ದ ಹಾಡಿನಿಂದ. "ಮಾತು ಜಾಸ್ತಿ ಬೇಡ" ಅಂದ ಇವೆಂಟಿನವರ ನೆನಪಾಗಿ ಅಕ್ಕನ ಮಗ ನನ್ನನ್ನು ನೋಡಿದ.

ಎರಡನೆಯದು 'ದಿ ಆಪಲ್ ಸಾಂಗ್'. ಬಿಟ್ಟು ಬಂದ ಊರಿನ ಬಗ್ಗೆ ಆಪಲ್ ಹೇಳುವ ಹಾಡು. ಪಲ್ಲವಿ ಬರುವಾಗ ಇಂಗ್ಲಿಷ್ ನಿಂತು ತಗಾಲೊಗ್ ಭಾಷೆ ಶುರುವಾಗುತ್ತದೆ. ಫಿಲಿಪ್ಪೀನ್ಸಿನ ಆಸಿನ್ ಅನ್ನುವ ತಂಡದ ಹಳೆಯ ಹಾಡಿನ ತುಣುಕು ಅದು. ಶೆಡ್ಡಿನಲ್ಲಿ ಯಾರಿಗೂ ಅರ್ಥ ಆಗಲಿಲ್ಲ. ಆದರೂ ಎಲ್ಲರೂ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಕುಣಿಯುವವನು ಕೇಳಿದ: "ಮಾವ, ಮೊದಲ ಎರಡು ಆಲ್ಬಂನಲ್ಲಿ ಇವನ ಭಾಷೆ ಬಂದದ್ದು ಎಲ್ಲಿ?"

ನಾವು ಹಿಂದೆ ಹೋಗಿ ಹುಡುಕಿದೆವು. ಆ ಎರಡರಲ್ಲಿ ಇಂಥ ಹಾಡು ನಮಗೆ ಸಿಗಲಿಲ್ಲ. ಶುದ್ಧ ಹಿಪ್‌ಹಾಪ್ ಅಂತ ನಾವು ತಲೆಯ ಮೇಲೆ ಇಟ್ಟುಕೊಂಡ ಆಲ್ಬಂಗಳಲ್ಲಿ ಆಪಲ್ ಅಮೆರಿಕದ ಹುಡುಗನಾಗಿ ಮಾತಾಡುತ್ತಾನೆ. ಮಾರುಕಟ್ಟೆಯದ್ದು ಅಂತ ಬೈಸಿಕೊಂಡ ಆಲ್ಬಂನಲ್ಲಿ ಅವನು ಹುಟ್ಟಿದ ದೇಶದ ಭಾಷೆಗೆ ಬರುತ್ತಾನೆ. 2005ರ 'ಮಂಕಿ ಬಿಸಿನೆಸ್'ನಲ್ಲಂತೂ 'ಬೆಬೊಟ್' ಅಂತ ತಗಾಲೊಗ್ ಹಾಡೇ ಉಂಟು.

ಇದು ಕೇಳಿ ನನಗೆ ನಮ್ಮ ಯಕ್ಷಗಾನ ನೆನಪಾಯಿತು. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನೆಲ ಇದು, ಬಯಲಾಟವನ್ನು ದೇವರ ಸೇವೆ ಅಂತ ಕಂಡ ಊರು. ಟಿಕೆಟ್ ಇಟ್ಟು ಡೇರೆ ಮೇಳಗಳು ಬಂದಾಗ ಹಿರಿಯರು ಬೇಸರ ಮಾಡಿಕೊಂಡರು, ಆಟ ಕೆಟ್ಟಿತು ಅಂದರು. ಆದರೆ ತುಳು ಪ್ರಸಂಗಗಳು ರಂಗಸ್ಥಳದಲ್ಲಿ ಜೋರಾಗಿ ಮೆರೆದದ್ದು ಆ ಡೇರೆ ಮೇಳಗಳ ಕಾಲದಲ್ಲೇ. ಟಿಕೆಟ್ ತೆಗೆದುಕೊಂಡು ಬಂದವರಿಗೆ ತಮ್ಮ ಮನೆಮಾತು ಕೇಳಬೇಕಿತ್ತು. ದುಡ್ಡಿನ ಹಿಂದೆಯೇ ಮನೆಮಾತೂ ಬಂತು. ಕೆಟ್ಟದ್ದೂ ಉಂಟು, ಇಲ್ಲ ಅಂತ ಹೇಳುವುದಿಲ್ಲ. ಆದರೆ ಎರಡೂ ಒಟ್ಟಿಗೇ ಬಂದದ್ದು ನಿಜ.

ಆ ರಾತ್ರಿಯ ಮೂರನೇ ವಿಷಯ ನನ್ನ ಪಾಲಿಗೆ ಬಂತು. 'ದಿ ಎಲಿಫಂಕ್ ಥೀಮ್' ಶುರುವಾದ ಕೂಡಲೇ ನಾನು ಎದ್ದು ನಿಂತೆ. ಅದು ಇಳಯರಾಜಾ! ರಜನೀಕಾಂತ್ 100ನೇ ಸಿನಿಮಾದಲ್ಲಿ ಮಂತ್ರಾಲಯದ ರಾಯರ ಪಾತ್ರ ಮಾಡಿದ್ದರಲ್ಲ, 1985ರ 'ಶ್ರೀ ರಾಘವೇಂದ್ರರ್', ಅದರ ಹಾಡು. ಹಳೆಯ ಕ್ಯಾಸೆಟ್ಟಿನಲ್ಲಿ ಕೇಳಿ ಕೇಳಿ ನನ್ನ ಕಿವಿಯಲ್ಲಿ ಕೂತದ್ದು. ಲಾಸ್ ಏಂಜಲೀಸಿನವರು ಅದನ್ನು ಕತ್ತರಿಸಿ ತಮ್ಮ ಹಾಡಿಗೆ ಅಡಿಪಾಯ ಮಾಡಿದ್ದಾರೆ. ಹುಡುಗರು ಫೋನಿನಲ್ಲಿ ಮೂಲ ಹಾಡು ಹುಡುಕಿ ಒಂದರ ಮೇಲೆ ಒಂದು ಹಾಕಿ ಕೇಳಿದರು. ಆ ರಾತ್ರಿ ಮನೆಗೆ ಹೋದಾಗ ಒಂದು ಗಂಟೆ.

ಮಂಕಿ ಬಿಸಿನೆಸ್

ಈ ಆಲ್ಬಂ 2ನೇ ಸ್ಥಾನಕ್ಕೆ ಏರಿತು. ಇದರಲ್ಲೂ ನಮ್ಮ ದೇಶ ಉಂಟು. 'ಡೋಂಟ್ ಫಂಕ್ ವಿತ್ ಮೈ ಹಾರ್ಟ್'ನ ಒಳಗೆ ಕಲ್ಯಾಣ್‌ಜಿ ಆನಂದ್‌ಜಿ ಮಾಡಿದ, ಆಶಾ ಭೋಸ್ಲೆ ಹಾಡಿದ 1978ರ 'ಡಾನ್' ಸಿನಿಮಾದ ಹಾಡು ಕೂತಿದೆ. ಅದಕ್ಕೆ ಗ್ರ್ಯಾಮಿ ಸಿಕ್ಕಿದ್ದು ರ‍್ಯಾಪ್ ವಿಭಾಗದಲ್ಲಿ. 'ಮೈ ಹಂಪ್ಸ್' ಕೂಡ ಇದರದ್ದೇ. ಹೆಣ್ಣಿನ ಮೈಯನ್ನು ತೋರಿಸಿ ಸಾಮಾನು ಗಿಟ್ಟಿಸುವ ಆ ಹಾಡು ನನಗೆ ಹಿಡಿಸಲಿಲ್ಲ. ಬ್ರ್ಯಾಂಡ್ ಬಟ್ಟೆ ಬೇಡ ಅಂದವರ ಬಾಯಲ್ಲಿ ಏಳು ವರ್ಷದ ಮೇಲೆ ಬ್ರ್ಯಾಂಡುಗಳ ಹೆಸರು. ಬರೆಯುವವನು ನೋಟ್ ಪುಸ್ತಕ ತೆಗೆದು 1998ರ ಪುಟವನ್ನು ಓದಿ ಹೇಳಿದ. ಯಾರೂ ಉತ್ತರ ಕೊಡಲಿಲ್ಲ. ಅವನ ಸಿಟ್ಟು ಸರಿ ಅಂತ ನನಗೂ ಅನ್ನಿಸಿತು.

2009

ಕೊನೆಯ ರಾತ್ರಿ 'ದಿ ಇ.ಎನ್.ಡಿ.' ಹಾಕಿದೆವು. ಸಬ್ ಪುನಃ ಆನ್ ಮಾಡಿದೆ.

'ಬೂಮ್ ಬೂಮ್ ಪವ್' 12 ವಾರ, ಅದರ ಬೆನ್ನಿಗೇ 'ಐ ಗಾಟಾ ಫೀಲಿಂಗ್' 14 ವಾರ. ಒಟ್ಟು 26 ವಾರ, ಅಂದರೆ ಅರ್ಧ ವರ್ಷ, ಅಮೆರಿಕದ ಹಾಡುಗಳ ಪಟ್ಟಿಯ ತುದಿಯಲ್ಲಿ ಇವರೇ. ಎರಡನೆಯದನ್ನು ಮಾಡಿಕೊಟ್ಟವರಲ್ಲಿ ಫ್ರಾನ್ಸಿನ ಡಿಜೆ ಡೇವಿಡ್ ಗೆಟ್ಟಾ ಮುಖ್ಯ. ನಮ್ಮ ಊರಿನ ಮದರಂಗಿಗಳಲ್ಲಿ ನಾನೇ ಎಷ್ಟು ಸಲ ಹಾಕಿದ್ದೇನೋ, ಲೆಕ್ಕ ಇಲ್ಲ.

ಆ ಹಾಡನ್ನು ಮಿಕ್ಸರಿನ ಮುಂದೆ ಕೂತು ಬಿಡಿಸಿ ನೋಡಿದೆವು. ಮೊದಲು ಗಿಟಾರ್, ತಂತಿ ವಾದ್ಯದ ಹಾಗಿನ ಸಿಂಥ್. ಡ್ರಮ್ ಇಲ್ಲ. ಒಂದೇ ಸಾಲನ್ನು ಹೇಳಿ ಹೇಳಿ ಕಾಯಿಸುತ್ತಾರೆ. ಆಮೇಲೆ ಬಡಿತ ಇಳಿಯುತ್ತದೆ, ನಿಮಿಷಕ್ಕೆ 128, ಒಂದೇ ಸಮ, ಮನುಷ್ಯ ಓಡುವಾಗಿನ ಎದೆಬಡಿತದ ಹಾಗೆ. ಕೊನೆಯ ಕಡೆ ಒಂದು ಜಾಗದಲ್ಲಿ ವಾರದ ದಿನಗಳ ಹೆಸರನ್ನೇ ಸಾಲಾಗಿ ಹೇಳುತ್ತಾರೆ. ಮಾತು ಅಂದರೆ ಅಷ್ಟೇ. ಸೋಮವಾರ, ಮಂಗಳವಾರ ಗೊತ್ತಿದ್ದರೆ ಸಾಕು. ಇಂಗ್ಲಿಷ್ ಬಾರದವರೂ ಕೂಗಬಹುದು. ಅದಕ್ಕೇ ಬದಿಯಡ್ಕದ ಮದರಂಗಿಗೂ ಅದು ಬಂದು ಮುಟ್ಟಿದ್ದು.

ಕೆಲಸದ ದೃಷ್ಟಿಯಿಂದ ಹೇಳುತ್ತೇನೆ, ಅದು ಬಹಳ ಚೆನ್ನಾಗಿ ಮಾಡಿದ ಹಾಡು. ಸುಲಭ ಅಂತ ಅಂದುಕೊಂಡವನು ಮಾಡಿ ನೋಡಬೇಕು. ಜನ ಕುಣಿಯುವುದನ್ನು ಕಂಡು ಖುಷಿಪಟ್ಟವನು ನಾನು. ಆದರೆ ಅಕ್ಕನ ಮಗ ಒಂದು ಪರೀಕ್ಷೆ ಮಾಡಿದ. ಪ್ರತಿ ಆಲ್ಬಂನಿಂದ ಒಂದು ಹಾಡು ತೆಗೆದು ಎಲ್ಲರೂ ಕಣ್ಣು ಮುಚ್ಚಿ ಕೇಳಬೇಕು. ಇದನ್ನು ಹೇಳುವವನು ಯಾರು, ಎಲ್ಲಿಯವನು ಅಂತ ಹಾಡಿನಿಂದಲೇ ಗೊತ್ತಾಗುತ್ತದಾ? 1998ರ ಹಾಡಿನಲ್ಲಿ ಗೊತ್ತಾಯಿತು. 2003ರಲ್ಲಿ ಗೊತ್ತಾಯಿತು. 2005ರ 'ಬೆಬೊಟ್'ನಲ್ಲಿ ಭಾಷೆ ಬಾರದಿದ್ದರೂ ಗೊತ್ತಾಯಿತು. 'ಬೂಮ್ ಬೂಮ್ ಪವ್'ನಲ್ಲಿ ಆಟೋಟ್ಯೂನ್ ಹಾಕಿ ಧ್ವನಿಗಳನ್ನೇ ಯಂತ್ರ ಮಾಡಿದ್ದಾರೆ. ಅಲ್ಲಿ ಆಪಲ್ ಯಾವುದು, ಟಬೂ ಯಾವುದು ಅಂತ ಹುಡುಗರಿಗೆ ಕೆಲವು ಕಡೆ ಹೇಳಲಿಕ್ಕಾಗಲಿಲ್ಲ.

ನನ್ನ ತೀರ್ಮಾನ ಅಲ್ಲಿ ಗಟ್ಟಿಯಾಯಿತು. ಅಲಸಂಡೆಯವರು ದಾಟಿದ ಗೆರೆ 2003ರದ್ದಲ್ಲ, 2009ರದ್ದು. ಫರ್ಗಿಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಒಬ್ಬ ಹೆಣ್ಣು ಬಂದಳು, ತಂಡ ಕೆಟ್ಟಿತು ಅನ್ನುವ ಕಥೆ ಎಲ್ಲ ಕಡೆ ಸಲೀಸಾಗಿ ಓಡುತ್ತದೆ, ಅದಕ್ಕೇ ಅದನ್ನು ನಂಬಬಾರದು. ಕುಣಿತದ ಮೇಲೂ ತಪ್ಪಿಲ್ಲ, ಅದು ಮೊದಲಿಂದ ಇತ್ತು. ದೊಡ್ಡ ಪಲ್ಲವಿಯ ಮೇಲೂ ಇಲ್ಲ. ಮಾತಿಗೆ ಇಟ್ಟ ಜಾಗ ಹೋದದ್ದು, ಹೇಳುವವನ ಮುಖ ಅಳಿಸಿದ್ದು, ಅದು ನಷ್ಟ.

ಮುಂದಿನದ್ದು ಬೇಗ ಹೇಳಿ ಮುಗಿಸುತ್ತೇನೆ. 2010ರಲ್ಲಿ ಇನ್ನೊಂದು ಆಲ್ಬಂ, 2011ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಅನ್ನುವ ಅಮೆರಿಕನ್ ಫುಟ್ಬಾಲ್ ಫೈನಲ್ಲಿನ ಮೈದಾನದಲ್ಲಿ ಕಾರ್ಯಕ್ರಮ, ಅದೇ ವರ್ಷ ವಿರಾಮ. 2018ರಲ್ಲಿ ಫರ್ಗಿ ಇಲ್ಲದೆ ಮೂವರೇ 'ಮಾಸ್ಟರ್ಸ್ ಆಫ್ ದ ಸನ್' ಮಾಡಿದರು. ಹಳೆಯ ಡ್ರಮ್, ಹಳೆಯ ಜಾಜ್ ವಾಸನೆ, ಪದ್ಯದ ತುಂಬ ಮಾತು. ಬರೆಯುವವನು ಅದನ್ನು ಕೇಳಿ "ಬಂದರು ಅಲ್ವಾ ಮನೆಗೆ" ಅಂದ. ಆದರೆ ಜನ 2009ರ ಹಾಗೆ ಮುಗಿಬೀಳಲಿಲ್ಲ. ಮರುವರ್ಷ ಗಾಯಕ ಜೆ ಬಾಲ್ವಿನ್ ಜೊತೆ ಮಾಡಿದ ಸ್ಪ್ಯಾನಿಷ್ ಬೆರೆತ 'ರಿಟ್ಮೊ' ಬಂತು, ಜನ ಪುನಃ ಕುಣಿದರು. ಅವರೂ ಈ ಜಗಳವನ್ನು ಇನ್ನೂ ಮುಗಿಸಿಲ್ಲ ಅಂತ ಕಾಣುತ್ತದೆ.

ನಮ್ಮ ಹುಡುಗರು ಮಾಡಿದ್ದು

ಐದು ರಾತ್ರಿಯ ಮೇಲೆ ಬರೆಯುವವನು ಒಪ್ಪಿದ. ಆದರೆ ಅವನ 16 ಸಾಲಿನ ಪದ್ಯ ಪೂರ್ತಿ ಇರಬೇಕು ಅಂದ. ಅಕ್ಕನ ಮಗ 128ರ ಬೀಟ್ ಮಾಡಿದ. ತೆಂಕುತಿಟ್ಟಿನ ಚೆಂಡೆಯ ನಾಲ್ಕು ಪೆಟ್ಟನ್ನು ನನ್ನ ಹಳೆಯ ರೆಕಾರ್ಡಿಂಗಿನಿಂದ ತೆಗೆದು ಸೇರಿಸಿದ. ನುಡಿಸಿದವರನ್ನು ಮೊದಲು ಕೇಳಿ ಬಾ ಅಂತ ಕಳಿಸಿದೆ, ಅವರು ಸಂತೋಷದಿಂದ ಒಪ್ಪಿದರು. ಹಾಡನ್ನು ಇವೆಂಟಿನವರಿಗೆ ಕಳಿಸಿದೆವು. ಎರಡು ದಿನದಲ್ಲಿ ಉತ್ತರ ಬಂತು: ಬೀಟ್ ಸೂಪರ್, ನಡುವಿನ ಭಾಷಣ ತೆಗೆಯಿರಿ.

ಭಾಷಣ ಅಂದದ್ದು ಆ ಹುಡುಗನಿಗೆ ತುಂಬ ನೋವಾಯಿತು. 16 ಸಾಲು ಎಂಟಾಯಿತು, ಎಂಟು ನಾಲ್ಕಾಯಿತು. ಮದರಂಗಿಯ ರಾತ್ರಿ ಡಿಜೆ ಆ ನಾಲ್ಕನ್ನೂ ದಾಟಿಸಿ ಮುಂದಿನ ಹಾಡಿಗೆ ಹೋದ. ಡಿಜೆಯ ಕೈಯಲ್ಲಿ ಅದು ಸುಲಭ. ಬಡಿತ ನಿಂತ ಜಾಗದಲ್ಲಿ ಪದ್ಯ ಇತ್ತು, ಬಡಿತ ನಿಂತರೆ ಅವನು ಇನ್ನೊಂದನ್ನು ಎಳೆದು ತರುತ್ತಾನೆ. ದುಡ್ಡು ಸಿಕ್ಕಿತು. ಬರೆಯುವವನು ತನ್ನ ಪಾಲನ್ನು ಮುಟ್ಟಲಿಲ್ಲ. ಮೂರು ವಾರ ಶೆಡ್ಡಿಗೂ ಬರಲಿಲ್ಲ.

ಅವನನ್ನು ಕರೆದು ತಂದದ್ದು ಕುಣಿಯುವವನು. ನಾನು ಅವನನ್ನು ದುಡ್ಡಿನ ಹಿಂದೆ ಹೋಗುವವನು ಅಂತ ತಿಳಿದಿದ್ದೆ, ಅದು ನನ್ನ ತಪ್ಪು. ಬೈಕಿನಲ್ಲಿ ಪೆರ್ಲಕ್ಕೆ ಹೋಗಿ, ಅಂಗಳದಲ್ಲಿ ಕೂತು, ಅವನ ಅಜ್ಜಿ ಕೊಟ್ಟ ಚಾ ಕುಡಿದು ಮಾತಾಡಿದ್ದನಂತೆ. "ಅವರು ಪದ್ಯ ತೆಗೆದದ್ದು ನಾವು ಪದ್ಯವನ್ನು ಬದಿಗೆ ಇಟ್ಟದ್ದಕ್ಕೆ. ಪಲ್ಲವಿಯೇ ಅಜ್ಜಿಯದ್ದಾದರೆ ಎಲ್ಲಿ ತೆಗೆಯುದು?" ಈ ಮಾತನ್ನು ಅವನು ಆಪಲ್ ಹಾಡಿನಿಂದ ಕಲಿತದ್ದು ಅಂತ ನನಗೆ ಹೇಳಿದ. ಅದರಲ್ಲಿ ತಗಾಲೊಗ್ ಇದ್ದದ್ದು ಪಲ್ಲವಿಯಲ್ಲಿ. ಅದನ್ನು ತೆಗೆದರೆ ಹಾಡೇ ಇಲ್ಲ.

ಹಾಗೆ ಎರಡನೇ ಸಲ ಮಾಡಿದರು. "ಅಕ್ಷರ ಗೊತ್ತುಂಟು ಮಾರಾಯ, ಈ ಅಕ್ಷರ ಗೊತ್ತಿಲ್ಲ" ಅನ್ನುವುದೇ ಪಲ್ಲವಿ. ಪದ್ಯ 12 ಸಾಲು, ಅದರ ಅಡಿಯಲ್ಲಿ ಬಡಿತ ನಿಲ್ಲುವುದೇ ಇಲ್ಲ. ಕತ್ತರಿಸಿದರೆ ಡಿಜೆಯ ಓಟವೇ ಮುಗ್ಗರಿಸಬೇಕು, ಹಾಗೆ ಕೂರಿಸಿದರು. ಕೊನೆಗೆ ಎರಡು ಸಾಲು ತುಳು ಉಂಟು, ಅದು ಕುಣಿಯುವವನು ಬರೆದದ್ದು. ಮೊದಲ ಬಾರಿ ಬರೆದದ್ದು.

ನವೆಂಬರಿನಲ್ಲಿ ಕುಂಬಳೆಯ ಕಡೆ ಒಂದು ಮದರಂಗಿ. ಮೈಕ್ ಸೆಟ್ ನನ್ನದೇ, ಡಿಜೆ ಬೇರೆಯವರು. ಹತ್ತು ಗಂಟೆಯ ಮೇಲೆ ನಮ್ಮ ಹಾಡು ಬಂತು. ಮೊದಲ ಪಲ್ಲವಿಗೆ ಯಾರೂ ಕೂಗಲಿಲ್ಲ. ಎರಡನೆಯದಕ್ಕೆ ನಾಲ್ಕು ಜನ. ಮೂರನೆಯದಕ್ಕೆ ಚಪ್ಪರದ ಮಕ್ಕಳೆಲ್ಲ ಹಾರಿ ಹಾರಿ "ಅಕ್ಷರ ಗೊತ್ತುಂಟು ಮಾರಾಯ!" ಅಂತ ಕಿರುಚಿದರು. ಮಲಯಾಳ ಮನೆಮಾತಿನ ಮಕ್ಕಳೂ ಇದ್ದರು ಅದರಲ್ಲಿ. ಅಕ್ಕನ ಮಗ ನನ್ನ ಭುಜ ಹಿಡಿದು ಅಲುಗಾಡಿಸಿದ. ಬರೆಯುವವನು ಮಾತ್ರ ಕಂಬಕ್ಕೆ ಒರಗಿ ನಿಂತಿದ್ದ. "ಇವರಿಗೆ ಅಜ್ಜಿ ಗೊತ್ತಿಲ್ಲಲ್ಲಾ" ಅಂದ.

ಹೌದು, ಗೊತ್ತಿಲ್ಲ. ಪದ್ಯ ಶುರುವಾಗಲು ನಾಲ್ಕು ಪೆಟ್ಟು ಬಾಕಿ ಇತ್ತು. ನಾನು ಮಿಕ್ಸರಿಗೆ ಕೈ ಹಾಕಿ ಸಬ್‌ನ ಫೇಡರನ್ನು ಸ್ವಲ್ಪ ಕೆಳಗೆ ಎಳೆದೆ, ಮಾತಿನದ್ದನ್ನು ಒಂದು ಗೆರೆ ಮೇಲೆ ದೂಡಿದೆ. ಡಿಜೆ ತಿರುಗಿ ನೋಡಿದರು. ನಾನು ಕೈ ತೆಗೆಯಲಿಲ್ಲ. 12 ಸಾಲು ಮುಗಿಯುವವರೆಗೆ ಹಾಗೇ ಹಿಡಿದುಕೊಂಡೆ.